ಬೆಲ್ಲದ ನೀರಿನಲ್ಲಿ ಬಯಾಪ್ಸಿ ಪೀಸ್ ಇಡಬಹುದೇ?

ಓದುಗರ ಪ್ರಶ್ನೆ: "ನಮಸ್ಕಾರ ಮೇಡಂ. ನಾನು ಶಹಾಪುರದ ಒಂದು ನರ್ಸಿಂಗ್ ಹೋಮ್‌ನಲ್ಲಿ ಲ್ಯಾಬ್ ಟೆಕ್ನಿಷಿಯನ್. ಆರು ವರ್ಷದಿಂದ ಇಲ್ಲೇ ಇದ್ದೇನೆ. ಆಪರೇಷನ್ ಆದ ಮೇಲೆ ಗರ್ಭಕೋಶ, ಪಿತ್ತಕೋಶ, ಅಪೆಂಡಿಕ್ಸ್, ಗಂಟು ಏನೇ ಬಂದರೂ ಫಾರ್ಮಾಲಿನ್‌ಗೆ ಹಾಕಿ ಕಲಬುರಗಿಗೆ ಬಯಾಪ್ಸಿಗೆ ಕಳಿಸುವುದು ನನ್ನ ಕೆಲಸ. ಐದು ಲೀಟರ್ ಕ್ಯಾನ್ ತರಿಸಿ ನಾನೇ ನೀರು ಬೆರೆಸುತ್ತೇನೆ. ರೂಮಿಗೆ ಇರುವುದು ಒಂದೇ ಕಿಟಕಿ, ಎಸಿ ಹಾಕಿದ್ದರಿಂದ ಅದೂ ಮುಚ್ಚಿರುತ್ತದೆ. ಕಣ್ಣು ಉರಿಯುತ್ತವೆ, ಮೂಗು ಸೋರುತ್ತದೆ, ಬೆರಳಿನ ತುದಿ ಒರಟಾಗಿ ಸೀಳು ಬಿಟ್ಟಿವೆ. ಮೊದಮೊದಲು ವಾಸನೆ ತಡೆಯಲು ಆಗುತ್ತಿರಲಿಲ್ಲ, ಈಗ ಅಷ್ಟಾಗಿ ಗೊತ್ತಾಗುವುದಿಲ್ಲ. ಇದರಿಂದ ಕ್ಯಾನ್ಸರ್ ಬರುತ್ತದೆ ಅನ್ನುತ್ತಾರೆ. ಮದುವೆಯಾಗಿ ಎರಡು ವರ್ಷ, ಈಗ ಮಗು ಬೇಕು ಅಂದುಕೊಂಡಿದ್ದೇವೆ. ಬೆಲ್ಲದ ನೀರು, ಜೇನುತುಪ್ಪ ಫಾರ್ಮಾಲಿನ್‌ನಷ್ಟೇ ಚೆನ್ನಾಗಿ ಕೆಲಸ ಮಾಡುತ್ತವೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಭಾಲ್ಕಿ ಕಡೆಯಿಂದ ಒಳ್ಳೆಯ ಬೆಲ್ಲ ತರಿಸಿ ಇಟ್ಟಿದ್ದೇನೆ. ಶುರು ಮಾಡಲಾ? ದಿನಾ ಒಂದು ತುಂಡು ಬೆಲ್ಲ ತಿಂದರೆ ಎದೆ ಸ್ವಚ್ಛ ಆಗುತ್ತದೆ ಅಂತ ನಮ್ಮ ಅತ್ತೆ ಹೇಳುತ್ತಾರೆ. ಅದು ನಿಜಾನಾ?"

ಉತ್ತರ:

ತಂಗಿ, ನೀವು ಕೇಳಿದ್ದು ಬೆಲ್ಲದ ಬಗ್ಗೆ. ಆದರೆ ನನಗೆ ಹೆಚ್ಚು ಚಿಂತೆ ತಂದದ್ದು "ಈಗ ವಾಸನೆ ಅಷ್ಟಾಗಿ ಗೊತ್ತಾಗುವುದಿಲ್ಲ" ಎಂಬ ಮಾತು. ಅದಕ್ಕೆ ಬರುತ್ತೇನೆ. ಮೊದಲು ನೇರ ಉತ್ತರ: ರೋಗಿಯ ದೇಹದಿಂದ ತೆಗೆದ ಪೀಸನ್ನು ಬೆಲ್ಲದ ನೀರಿಗಾಗಲಿ ಜೇನಿಗಾಗಲಿ ಹಾಕಬೇಡಿ. ಬೆಲ್ಲ ಕೆಲಸ ಮಾಡುವುದೇ ಇಲ್ಲ ಎಂದು ಹೀಗೆ ಹೇಳುತ್ತಿಲ್ಲ. ಅದು ಕೆಲಸ ಮಾಡುತ್ತದೆ, ನಾನೇ ಮಾಡಿ ನೋಡಿದ್ದೇನೆ. ಆದರೂ ಬೇಡ ಎನ್ನುವುದಕ್ಕೆ ಕಾರಣಗಳಿವೆ. ನಿಮ್ಮ ಕಣ್ಣು, ಕೈ, ಮುಂದೆ ಬರುವ ಕೂಸು ಇವನ್ನು ಕಾಪಾಡಿಕೊಳ್ಳಲು ಬೇರೆ ದಾರಿಗಳೂ ಇವೆ, ಅವು ಬೆಲ್ಲಕ್ಕಿಂತ ಗಟ್ಟಿ.

ಪೀಸನ್ನು "ಕೆಡದಂತೆ ಇಡುವುದು" ಬೇರೆ, "ಫಿಕ್ಸ್ ಮಾಡುವುದು" ಬೇರೆ. ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿ ಭರಣಿಯಲ್ಲಿ ಇಟ್ಟರೆ ವರ್ಷಗಟ್ಟಲೆ ಕೊಳೆಯುವುದಿಲ್ಲ. ಆದರೆ ವರ್ಷದ ಮೇಲೆ ಆ ಹೋಳು ತೆಗೆದು ನೋಡಿದರೆ ಮರದಲ್ಲಿದ್ದಾಗ ಅದು ಹೇಗಿತ್ತು ಎಂದು ಹೇಳಲಾಗದು. ಸುಕ್ಕಾಗಿ, ಮೆತ್ತಗಾಗಿ, ಬಣ್ಣ ತಿರುಗಿರುತ್ತದೆ. ಸ್ಲೈಡ್ ನೋಡಿ ರೋಗ ಹೇಳುವ ಡಾಕ್ಟರಾದ ನನಗೆ ಬೇಕಿರುವುದು ಹಾಗೆ ಕೆಡದೆ ಉಳಿದ ಮಾಂಸವಲ್ಲ. ದೇಹದಿಂದ ಹೊರಬಂದ ಗಳಿಗೆಯಲ್ಲಿ ಒಂದೊಂದು ಜೀವಕೋಶ ಹೇಗಿತ್ತೋ ಹಾಗೇ ನಿಂತುಬಿಡಬೇಕು. ರಕ್ತ ಹರಿಯುವುದು ನಿಂತ ಕೂಡಲೇ ಜೀವಕೋಶದ ಒಳಗಿನ ಕಿಣ್ವಗಳು ಅದನ್ನೇ ಜೀರ್ಣಿಸಲು ತೊಡಗುತ್ತವೆ. ಹೊರಗಿನ ಕ್ರಿಮಿಗಳು ಬರುವುದು ಆಮೇಲೆ. ಫಾರ್ಮಾಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಜೀವಕೋಶದ ಪ್ರೋಟೀನುಗಳ ನಡುವೆ ಸಣ್ಣ ಸೇತುವೆ ಕಟ್ಟಿ ಎಲ್ಲವನ್ನೂ ಇದ್ದಲ್ಲೇ ಹಿಡಿದು ನಿಲ್ಲಿಸುತ್ತದೆ. 1893ರಲ್ಲಿ ಜರ್ಮನಿಯ ಫರ್ಡಿನಾಂಡ್ ಬ್ಲೂಮ್ ಇದನ್ನು ಕ್ರಿಮಿನಾಶಕವಾಗಿ ಪರೀಕ್ಷೆ ಮಾಡುತ್ತಿದ್ದಾಗ ತನ್ನ ಬೆರಳ ತುದಿಯ ಚರ್ಮ ಗಟ್ಟಿಯಾದದ್ದನ್ನು ಕಂಡ. ಅಂಗಾಂಶಕ್ಕೆ ಫಾರ್ಮಾಲಿನ್ ಬಳಕೆ ಶುರುವಾದದ್ದು ಹಾಗೆ. ನಿಮ್ಮ ಬೆರಳು ಒರಟಾಗಿರುವುದೂ ಅದೇ ಗುಣದಿಂದ. ಡಬ್ಬಿಯೊಳಗಿನ ಪೀಸಿಗೆ ಆಗಬೇಕಾದದ್ದು ನಿಮ್ಮ ಚರ್ಮಕ್ಕೂ ಅಷ್ಟಷ್ಟು ಆಗುತ್ತಿದೆ.

ಈಗ ಬೆಲ್ಲಕ್ಕೆ ಬರೋಣ. ವಾಟ್ಸಾಪ್ ಸುದ್ದಿ ಪೂರ್ತಿ ಸುಳ್ಳಲ್ಲ. ನಮ್ಮ ದೇಶದಲ್ಲಿ, ಅದರಲ್ಲೂ ದಂತ ಕಾಲೇಜುಗಳ ಬಾಯಿರೋಗ ವಿಭಾಗಗಳಲ್ಲಿ, ಈ ಬಗ್ಗೆ ಸಾಕಷ್ಟು ಪ್ರಯೋಗಗಳು ನಡೆದಿವೆ. ಸಾಮಾನ್ಯವಾಗಿ ನೂರು ಮಿಲಿ ನೀರಿಗೆ 30 ಗ್ರಾಂ ಬೆಲ್ಲ, ಇಲ್ಲವೇ ಶೇಕಡ 20ರ ಜೇನಿನ ದ್ರಾವಣ ತೆಗೆದುಕೊಂಡು, ಸಣ್ಣ ತುಂಡುಗಳನ್ನು ಒಂದು ದಿನ ಅದರಲ್ಲಿಟ್ಟು ಸ್ಲೈಡ್ ಮಾಡುತ್ತಾರೆ. ಹಲವು ಪ್ರಯೋಗಗಳಲ್ಲಿ ಮಾಮೂಲಿ ಹಿಮಾಟಾಕ್ಸಿಲಿನ್-ಇಯೋಸಿನ್ ಬಣ್ಣಕ್ಕೆ ಫಲಿತಾಂಶ ಫಾರ್ಮಾಲಿನ್‌ಗೆ ಹತ್ತಿರ ಬಂದಿದೆ. ಇದರ ಹಿಂದಿರುವ ಕಾರಣ ಎಂದು ಹೇಳುವುದು ಇಷ್ಟು: ಬೆಲ್ಲದ ಸಕ್ಕರೆ ಹುಳಿ ವಾತಾವರಣದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ, ಅವುಗಳಿಂದ ಆಲ್ಡಿಹೈಡುಗಳು (ಫಾರ್ಮಾಲ್ಡಿಹೈಡಿನ ಗುಂಪಿನ ವಸ್ತುಗಳು) ಹುಟ್ಟಿ ಪ್ರೋಟೀನುಗಳನ್ನು ಬೆಸೆಯುತ್ತವೆ. ಜೇನಿನಲ್ಲಿ ಇದರ ಜೊತೆಗೆ ನೀರು ಹೀರುವ ಗುಣ, ಹುಳಿ, ಅಲ್ಪಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಇರುತ್ತವೆ. ಅಂದರೆ ಬೆಲ್ಲವೂ ಕೊನೆಗೆ ಕೆಲಸ ಮಾಡುವುದು ಆಲ್ಡಿಹೈಡಿನ ದಾರಿಯಲ್ಲೇ, ಆದರೆ ನಿಧಾನವಾಗಿ, ನಮ್ಮ ಹಿಡಿತಕ್ಕೆ ಸಿಗದೆ. "ನೈಸರ್ಗಿಕ", "ಕೆಮಿಕಲ್" ಎಂದು ಎರಡು ಜಾತಿ ಮಾಡಿ ನೋಡಿದರೆ ಈ ಮಾತು ಮರೆತುಹೋಗುತ್ತದೆ. ಫಾರ್ಮಾಲ್ಡಿಹೈಡ್ ಕೂಡ ನಮ್ಮ ರಕ್ತದಲ್ಲಿ, ಒಲೆಯ ಹೊಗೆಯಲ್ಲಿ ಇರುವಂಥದ್ದೇ. ಪ್ರಮಾಣ ಎಷ್ಟು, ಎಲ್ಲಿಂದ ಒಳಗೆ ಹೋಗುತ್ತದೆ ಎಂಬುದರ ಮೇಲೆ ಅಪಾಯ ನಿಂತಿದೆ.

ನಾನು ಮಾಡಿ ನೋಡಿದ್ದು ಮಟನ್ ಅಂಗಡಿಯಿಂದ ತಂದ ಆಡಿನ ಪಿತ್ತಜನಕಾಂಗದ ಮೇಲೆ. ಎರಡು ಸಲ. ಜನವರಿಯಲ್ಲಿ ಮಾಡಿದಾಗ ಸ್ಲೈಡ್ ನೋಡಿ ಖುಷಿಯಾಯಿತು. ನ್ಯೂಕ್ಲಿಯಸ್ಸುಗಳು ಸ್ಪಷ್ಟ, ಬಣ್ಣ ಚೆನ್ನಾಗಿ ಹಿಡಿದಿತ್ತು, ಕೆಂಪು ರಕ್ತಕಣಗಳು ಮಾತ್ರ ಮಸುಕಾಗಿದ್ದವು. ಮೇ ತಿಂಗಳಲ್ಲಿ ಅದೇ ಅಳತೆಯ ದ್ರಾವಣ ಮಾಡಿದೆ. ನಮ್ಮ ಮೇ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ, 42-43 ಡಿಗ್ರಿ. ಎರಡನೇ ದಿನ ಮುಚ್ಚಳ ಉಬ್ಬಿತ್ತು. ತೆರೆದರೆ ಸೊರ್ ಎಂದು ಗಾಳಿ ಬಂತು, ಹೆಂಡದಂಥ ವಾಸನೆ, ಮೇಲೆ ಬಿಳಿ ನೊರೆ. ದ್ರಾವಣ ಹುದುಗಿತ್ತು. ತುಂಡಿನ ಅಂಚು ಪರವಾಗಿಲ್ಲ, ನಡುಭಾಗ ಮೆತ್ತಗಾಗಿ ಬೆರಳಿಗೆ ಅಂಟುತ್ತಿತ್ತು. ಅದೇ ಭಾಗದ ಸ್ಲೈಡ್‌ನಲ್ಲಿ ಜೀವಕೋಶಗಳ ಗೆರೆಯೇ ಅಳಿಸಿಹೋಗಿತ್ತು.

ಕಾರಣ ದೊಡ್ಡದೇನಲ್ಲ. ಎರಡು ಬೆಲ್ಲ ಒಂದೇ ಥರ ಇರುವುದಿಲ್ಲ. ಯಾವ ಕಬ್ಬು, ಎಷ್ಟು ಸುಣ್ಣ, ಬಣ್ಣ ತಿಳಿಯಾಗಲಿ ಎಂದು ಹೈಡ್ರೋಸ್ ಹಾಕಿದ್ದಾರೋ ಇಲ್ಲವೋ, ಮಳೆಗಾಲದಲ್ಲಿ ಎಷ್ಟು ತೇವ ಹೀರಿದೆ, ಇದೆಲ್ಲ ಹೊರಗಿನಿಂದ ಕಾಣುವುದಿಲ್ಲ. ಪೇಟೆಯ ಜೇನಿಗೆ ಪಾಕ ಬೆರೆಸಿದ್ದಾರೋ ಎಂಬ ಅನುಮಾನ ಬೇರೆ. ಪ್ರಯೋಗಶಾಲೆಯಲ್ಲಿ ಬಳಸಿದ್ದು ಕೆಲವೇ ಮಿಲಿಮೀಟರ್ ದಪ್ಪದ ತುಂಡು. ನಿಮ್ಮ ಕೈಗೆ ಬರುವುದು ಇಡೀ ಗರ್ಭಕೋಶ. ಅದರ ನಡುವಿನವರೆಗೆ ಬೆಲ್ಲದ ನೀರು ತಲುಪುವ ಹೊತ್ತಿಗೆ ಒಳಗಿನದು ಕೊಳೆತಿರುತ್ತದೆ.

ಇದೆಲ್ಲಕ್ಕಿಂತ ನನ್ನನ್ನು ತಡೆಯುವ ಕಾರಣ ಬೇರೆಯೇ ಇದೆ. ಸ್ತನದ ಗಂಟಿನಲ್ಲಿ ಕ್ಯಾನ್ಸರ್ ಎಂದು ತಿಳಿದ ಮೇಲೆ ಅದೇ ಪೀಸಿನ ಮೇಲೆ, ಯಾವ ಔಷಧಿ ಹಿಡಿಯುತ್ತದೆ ಎಂದು ತಿಳಿಯಲು ಇಆರ್, ಪಿಆರ್, ಹರ್-2 ಪರೀಕ್ಷೆ ಮಾಡುತ್ತೇವೆ. ಹಾರ್ಮೋನ್ ಪಾಸಿಟಿವ್ ಬಂದರೆ ಆ ಹೆಣ್ಣುಮಗಳಿಗೆ ಟಮಾಕ್ಸಿಫೆನ್‌ನಂಥ ಅಗ್ಗದ ಮಾತ್ರೆಯಿಂದ ವರ್ಷಗಟ್ಟಲೆ ರಕ್ಷಣೆ ಸಿಗುತ್ತದೆ. ಈ ಪರೀಕ್ಷೆಗಳ ಅಳತೆಗೋಲನ್ನೆಲ್ಲ ಹೊಂದಿಸಿರುವುದು ಹುಳಿಯಾಗದಂತೆ ಲವಣ ಬೆರೆಸಿದ ನ್ಯೂಟ್ರಲ್ ಬಫರ್ಡ್ ಫಾರ್ಮಾಲಿನ್‌ನಲ್ಲಿ 6ರಿಂದ 72 ಗಂಟೆ ಇಟ್ಟ ಪೀಸಿಗೆ. ಬೆಲ್ಲದಲ್ಲಿಟ್ಟ ಪೀಸು ನೆಗೆಟಿವ್ ತೋರಿಸಿದರೆ ಅದು ರೋಗದ ಮಾತೋ ಬೆಲ್ಲದ ಮಾತೋ ನನಗೆ ಹೇಳಲಾಗದು. ಆ ಸಂಶಯದ ಬೆಲೆ ತೆರುವವಳು ಅವಳು.

ಒಂದು ಮೇ ತಿಂಗಳ ಸಂಜೆ ನಮ್ಮ ಲ್ಯಾಬಿಗೆ ಬಸ್ಸಿನಲ್ಲಿ ಒಂದು ಡಬ್ಬಿ ಬಂತು. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ಫಾರ್ಮಾಲಿನ್ ಮುಗಿದಿತ್ತಂತೆ, ಸ್ತನದ ಗಂಟನ್ನು ಸಲೈನ್‌ನಲ್ಲಿ ಹಾಕಿ ಕಳಿಸಿದ್ದರು. ಸಲೈನ್ ಉಪ್ಪುನೀರು ಅಷ್ಟೇ, ಅದು ಏನನ್ನೂ ಹಿಡಿದಿಡುವುದಿಲ್ಲ. ಸ್ಲೈಡ್‌ನಲ್ಲಿ ಉಳಿದದ್ದು ಜೀವಕೋಶಗಳ ನೆರಳು ಮಾತ್ರ. ಮೂರು ದಿನ ಬಿಟ್ಟು ಆಕೆ ಮಗಳ ಜೊತೆ ರಿಪೋರ್ಟ್ ಕೇಳಲು ಬಂದರು. "ಏನಂತ ಬರ್ದೀರಿ ಡಾಕ್ಟರ್?" ಎಂದರು. ಹೇಳಲು ಬರುವುದಿಲ್ಲ ಎಂದೇ ಬರೆದಿದ್ದೆ. ಗಂಟು ಪೂರ್ತಿ ತೆಗೆದಾಗಿತ್ತು, ಇನ್ನೊಮ್ಮೆ ಪೀಸ್ ತೆಗೆಯಲು ಅಲ್ಲಿ ಏನೂ ಇರಲಿಲ್ಲ. ಹೊಸ ದ್ರಾವಣದ ಮಾತು ಬಂದಾಗಲೆಲ್ಲ ನನಗೆ ಆಕೆಯ ಮುಖ ಕಣ್ಣ ಮುಂದೆ ಬರುತ್ತದೆ.

ಹಾಗಂತ ನಿಮ್ಮ ಭಯವನ್ನು ನಾನು ಹಗುರ ಮಾಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮೂಗಿನ ಹಿಂಭಾಗದ ಗಂಟಲಿನ ಕ್ಯಾನ್ಸರ್ ಮತ್ತು ಒಂದು ಬಗೆಯ ರಕ್ತಕ್ಯಾನ್ಸರ್ ಜೊತೆ ನಂಟಿದೆ. ಮೊದಲ ಗುಂಪು ಎಂದರೆ ಪುರಾವೆ ಗಟ್ಟಿ ಎಂದರ್ಥ. ಮುಟ್ಟಿದವರಿಗೆಲ್ಲ ಬರುತ್ತದೆ ಎಂದಲ್ಲ. ವರ್ಷಗಟ್ಟಲೆ ಹೆಚ್ಚು ಆವಿ ಕುಡಿದ ಕಾರ್ಖಾನೆ ಕೆಲಸಗಾರರು, ಶವಗಳನ್ನು ಕೆಡದಂತೆ ಇಡುವ ಕೆಲಸದವರು, ಇವರಲ್ಲಿ ಈ ನಂಟು ಕಂಡಿದೆ. ಅಮೆರಿಕದ ಕೆಲಸದ ಜಾಗದ ನಿಯಮದಲ್ಲಿ ಎಂಟು ಗಂಟೆಯ ಸರಾಸರಿ ಮಿತಿ ಹತ್ತು ಲಕ್ಷಕ್ಕೆ 0.75 ಭಾಗ, ಹದಿನೈದು ನಿಮಿಷಕ್ಕೆ 2 ಭಾಗ. ಮುಚ್ಚಿದ ರೂಮಿನಲ್ಲಿ ಕ್ಯಾನಿನಿಂದ ಸುರಿಯುವಾಗ ಕಣ್ಣಲ್ಲಿ ನೀರು ಬರುತ್ತಿದ್ದರೆ ಆ ಗಾಳಿ ನಿಮಗೆ ಒಳ್ಳೆಯದಲ್ಲ ಎಂದು ತಿಳಿಯಲು ಮೀಟರ್ ಬೇಕಿಲ್ಲ.

ವಾಸನೆ ಗೊತ್ತಾಗುತ್ತಿಲ್ಲ ಎಂದಿರಲ್ಲ, ಅದರ ಅರ್ಥ ದೇಹ ಒಗ್ಗಿಕೊಂಡಿದೆ ಎಂದಲ್ಲ. ಮೂಗು ದಣಿದಿದೆ. ಎಚ್ಚರಿಸಬೇಕಾದ ಕಾವಲುಗಾರ ಮಲಗಿದ್ದಾನೆ, ಆವಿ ಇದ್ದಷ್ಟೇ ಇದೆ. ಇನ್ನು ಮುಂದೆ ವಾಸನೆಯನ್ನು ಅಳತೆ ಎಂದು ನಂಬಬೇಡಿ. ಆಪರೇಷನ್ ಥಿಯೇಟರಿನ ಹಸಿರು ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ, ಎನ್-95 ಕೂಡ ತಡೆಯುವುದಿಲ್ಲ. ಅವು ಧೂಳಿಗೆ, ಹನಿಗಳಿಗೆ. ಆವಿಗೆ ಫಾರ್ಮಾಲ್ಡಿಹೈಡ್ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಅತ್ತೆಯವರ ಮಾತು ನಮ್ಮ ಕಡೆ ಎಲ್ಲ ಮನೆಯಲ್ಲೂ ಇದೆ. ಸೇಡಂ, ವಾಡಿ ಸಿಮೆಂಟ್ ಫ್ಯಾಕ್ಟರಿಗೆ ಹೋಗುವವರು, ಶಹಾಬಾದ್ ಕಲ್ಲು ಒಡೆಯುವವರು ಸಂಜೆ ಬೆಲ್ಲ ತಿನ್ನುವುದನ್ನು ನೋಡುತ್ತಲೇ ಬೆಳೆದವಳು ನಾನು. ಪ್ರೀತಿಯಿಂದ ಹೇಳಿದ್ದಾರೆ, ಒಂದು ತುಂಡು ತಿನ್ನಿ, ಬೇಡ ಎನ್ನುವುದಿಲ್ಲ. ಆದರೆ ಬೆಲ್ಲ ಹೋಗುವುದು ಹೊಟ್ಟೆಗೆ, ಆವಿ ಹೋಗುವುದು ಮೂಗು ಮತ್ತು ಶ್ವಾಸನಾಳಕ್ಕೆ. ಅದನ್ನು ಇದು ತೊಳೆಯುವುದಿಲ್ಲ.

ಮಗುವಿನ ವಿಷಯ. ಫಾರ್ಮಾಲ್ಡಿಹೈಡ್ ಜೊತೆ ಕೆಲಸ ಮಾಡುವ ಹೆಂಗಸರಲ್ಲಿ ಗರ್ಭಪಾತ ಹೆಚ್ಚು, ಗರ್ಭ ನಿಲ್ಲುವುದು ತಡ ಎಂದು ತೋರಿಸಿದ ಅಧ್ಯಯನಗಳಿವೆ. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ನನ್ನ ಕೈಕೆಳಗೆ ಕೆಲಸ ಮಾಡುವವರಿಗೆ ನಾನು ಪುರಾವೆ ಪೂರ್ತಿ ಆಗಲಿ ಎಂದು ಕಾಯುವುದಿಲ್ಲ. ಮಗು ಬೇಕು ಎಂದು ತೀರ್ಮಾನಿಸಿದ ದಿನದಿಂದಲೇ ಫಾರ್ಮಾಲಿನ್ ಬೆರೆಸುವ, ಸುರಿಯುವ ಕೆಲಸ ಬೇರೆಯವರಿಗೆ ಕೊಡುತ್ತೇನೆ. ನೀವೂ ಕೇಳಿ. ಇದು ನಾಚಿಕೆಯ ವಿಷಯವಲ್ಲ, ಯಾರ ಮೇಲೂ ಹೊರೆ ಹಾಕಿದಂತೆಯೂ ಅಲ್ಲ. ನಿಮ್ಮ ಜಾಗಕ್ಕೆ ಬರುವವರಿಗೂ ಮುಂದೆ ಹೇಳುವ ವ್ಯವಸ್ಥೆ ಇರಲೇಬೇಕು.

ಏನು ಮಾಡಬಹುದು? ನನ್ನನ್ನು ಕೇಳಿದರೆ ಅತಿ ದೊಡ್ಡ ಬದಲಾವಣೆ ಇದು: ನೀವು ಫಾರ್ಮಾಲಿನ್ ಬೆರೆಸುವುದನ್ನೇ ನಿಲ್ಲಿಸಿ. ನಿಮ್ಮ ಮೈಗೆ ಹೆಚ್ಚು ತಾಗುವುದು ಕ್ಯಾನ್ ತೆರೆದು ಸುರಿಯುವ ಆ ಐದು ನಿಮಿಷ. ಬಫರ್ ಹಾಕಿ ತಯಾರಾಗಿಯೇ ಬರುವ ಫಾರ್ಮಾಲಿನ್ ಸಿಗುತ್ತದೆ, ಅದನ್ನು ತುಂಬಿ ಮುಚ್ಚಿದ ಡಬ್ಬಿಗಳೂ ಸಿಗುತ್ತವೆ. ಎಷ್ಟೋ ಬಯಾಪ್ಸಿ ಲ್ಯಾಬುಗಳು ಕೇಳಿದರೆ ತುಂಬಿದ ಡಬ್ಬಿ ತಾವೇ ಕಳಿಸುತ್ತವೆ. ನೀವು ಕಳಿಸುವ ಲ್ಯಾಬಿಗೆ ಒಂದು ಫೋನ್ ಮಾಡಿ. ಥಿಯೇಟರಿನಲ್ಲೇ ಪೀಸ್ ಹಾಕಿ ಮುಚ್ಚಳ ತಿರುಗಿಸಿದರೆ ಮುಗಿಯಿತು.

ಬೆರೆಸಲೇಬೇಕಾದ ಕಡೆ ಅಳತೆ ಸರಿ ಇರಲಿ. ಶೇಕಡ 10ರ ಫಾರ್ಮಾಲಿನ್ ಎಂದರೆ ಕ್ಯಾನಿನದು ಒಂದು ಪಾಲು, ನೀರು ಒಂಬತ್ತು ಪಾಲು. ಕ್ಯಾನಿನದರಲ್ಲಿ ಫಾರ್ಮಾಲ್ಡಿಹೈಡ್ 37ರಿಂದ 40 ಶೇಕಡ ಇರುವುದರಿಂದ ಕೊನೆಗೆ ನಿಲ್ಲುವುದು ಸುಮಾರು ಶೇಕಡ 4. ಒಂದು ಲೀಟರಿಗೆ 4 ಗ್ರಾಂ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮೊನೊಹೈಡ್ರೇಟ್, 6.5 ಗ್ರಾಂ ಅನ್‌ಹೈಡ್ರಸ್ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಸೇರಿದರೆ ಅದು ಬಫರ್ಡ್. "ಜೋರಾಗಿದ್ದರೆ ಒಳ್ಳೆಯದು" ಎಂದು ಕ್ಯಾನಿನದನ್ನೇ ಹಾಗೇ ಸುರಿಯುವವರನ್ನು ನೋಡಿದ್ದೇನೆ. ಪೀಸಿನ ಹೊರಮೈ ಕಲ್ಲಾಗುತ್ತದೆ, ಒಳಗೆ ಕೊಳೆಯುತ್ತದೆ, ಸುರಿದವರ ಕಣ್ಣಿಗೂ ಅಪಾಯ. ಈ ಕೆಲಸಕ್ಕೆ ನೈಟ್ರೈಲ್ ಕೈಗವಸು ಹಾಕಿ, ಹನಿ ಬಿದ್ದರೆ ಕೂಡಲೇ ಬದಲಿಸಿ. ತೆಳು ಲ್ಯಾಟೆಕ್ಸ್‌ನಿಂದ ಫಾರ್ಮಾಲ್ಡಿಹೈಡ್ ಒಳಗೆ ನುಸುಳುತ್ತದೆ. ಕಣ್ಣಿಗೆ ಮುಚ್ಚಿದ ಕನ್ನಡಕ. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ನಲ್ಲಿ ನೀರಿನಲ್ಲಿ ತೊಳೆದು ಡಾಕ್ಟರ ಬಳಿ ಹೋಗಿ.

ಎಸಿ ರೂಮಿನಿಂದ ಮೊದಲು ಹೊರಬನ್ನಿ. ಅಲ್ಲಿ ಅದೇ ಗಾಳಿ ಸುತ್ತುತ್ತಿರುತ್ತದೆ. ಎಕ್ಸಾಸ್ಟ್ ಫ್ಯಾನನ್ನು ಸೂರಿನ ಹತ್ತಿರ ಕೂರಿಸಿದರೆ ಆವಿ ನಿಮ್ಮ ಮುಖ ದಾಟಿಯೇ ಮೇಲೆ ಹೋಗುತ್ತದೆ. ಮೇಜಿನ ಮಟ್ಟಕ್ಕೆ, ಡಬ್ಬಿಯ ಹಿಂದಿನ ಗೋಡೆಗೆ ಕೂರಿಸಿದರೆ ಆವಿ ನಿಮ್ಮಿಂದ ದೂರ ಸರಿಯುತ್ತದೆ. ಆ ಹೊತ್ತಿಗೆ ತಲೆ ಮೇಲಿನ ಫ್ಯಾನ್ ಆರಿಸಿ. ದೊಡ್ಡ ಖರ್ಚಿನ ಮಾತಲ್ಲ ಇದು, ಮಾಲೀಕರಿಗೆ ಈ ಪತ್ರವನ್ನೇ ತೋರಿಸಿ. ಮತ್ತೊಂದು ಮಾತು, ಎಫ್‌ಎನ್‌ಎಸಿ ಸ್ಲೈಡು (ಸೂಜಿಯಿಂದ ತೆಗೆದ ಜೀವಕೋಶಗಳದ್ದು), ಪ್ಯಾಪ್ ಸ್ಮಿಯರ್ (ಗರ್ಭಕೊರಳಿನ ಜೀವಕೋಶಗಳದ್ದು) ಇರುವ ಜಾಗದಲ್ಲಿ ಫಾರ್ಮಾಲಿನ್ ಡಬ್ಬಿ ತೆರೆಯಬೇಡಿ. ಆವಿ ತಾಗಿದರೂ ಸ್ಲೈಡಿನ ಬಣ್ಣ ಕೆಡುತ್ತದೆ. ಅವಕ್ಕೆ ಬೇಕಾದದ್ದು ಶೇಕಡ 95ರ ಆಲ್ಕೋಹಾಲ್, ಇಲ್ಲವೇ ಹಾಗೇ ಒಣಗಿಸುವುದು. ಅಲ್ಲಿ ಫಾರ್ಮಾಲಿನ್ ಬೇಡವೇ ಬೇಡ.

ಹಾಗಾದರೆ ಪೀಸಿಗೂ ಆಲ್ಕೋಹಾಲ್ ಯಾಕಾಗದು ಎಂದು ಕೇಳಬಹುದು. ಆಗುತ್ತದೆ, ಸಣ್ಣ ಪೀಸಿಗೆ, ಲ್ಯಾಬ್ ಒಪ್ಪಿದರೆ. ಆದರೆ ಅದು ನೀರೆಳೆದು ಪೀಸನ್ನು ಕುಗ್ಗಿಸುತ್ತದೆ, ಬೆಂಕಿ ಹಿಡಿಯುತ್ತದೆ, ಬಸ್ಸಿನಲ್ಲಿ ಕಳಿಸುವಂತಿಲ್ಲ. ಡ್ರೆಸ್ಸಿಂಗಿಗೆ ಬಳಸುವ ಸ್ಪಿರಿಟ್ ಅಂತೂ ಬೇಡ. ಗ್ಲೈಆಕ್ಸಲ್ ಎಂಬ ವಸ್ತುವಿನಿಂದ ಮಾಡಿದ ದ್ರಾವಣಗಳು ಬಂದಿವೆ, ಅದರ ಆವಿ ಬಹಳ ಕಡಿಮೆ. ಇಟಲಿಯ ಟುರಿನ್‌ನಲ್ಲಿ ದೊಡ್ಡ ಪೀಸುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಹೀರಿ ಸೀಲ್ ಮಾಡಿ, 4 ಡಿಗ್ರಿಯಲ್ಲಿ ಲ್ಯಾಬಿಗೆ ಸಾಗಿಸುವ ಕ್ರಮ ತಂದರು. ಅಂಥ ಪೀಸುಗಳಿಗೆ ಥಿಯೇಟರಿನಲ್ಲಿ ಫಾರ್ಮಾಲಿನ್ ಬಳಕೆಯೇ ನಿಂತಿತು. ನನಗೆ ಬಹಳ ಹಿಡಿಸಿದ ದಾರಿ ಇದು. ಆದರೆ ಶಹಾಪುರದಿಂದ ಕಲಬುರಗಿವರೆಗೆ ಬೇಸಿಗೆಯಲ್ಲಿ 4 ಡಿಗ್ರಿ ಕಾಪಾಡುವ ವ್ಯವಸ್ಥೆ ನಿಮ್ಮಲ್ಲಿ ಈಗ ಇಲ್ಲ.

ರಾತ್ರಿ ಫಾರ್ಮಾಲಿನ್ ಮುಗಿದೇ ಹೋಯಿತು ಅನ್ನಿ. ಸಲೈನ್‌ನಲ್ಲಿ ತೇಲಿ ಬಿಡಬೇಡಿ. ಗಾಜ್ ಬಟ್ಟೆಯನ್ನು ಸಲೈನ್‌ನಲ್ಲಿ ಹಸಿ ಮಾಡಿ ಹಿಂಡಿ, ಅದರಲ್ಲಿ ಸುತ್ತಿ, ಚೀಲದಲ್ಲಿ ಮುಚ್ಚಿ ಫ್ರಿಜ್‌ನ ಕೆಳಗಿನ ಭಾಗದಲ್ಲಿ ಇಡಿ. ಫ್ರೀಜರಿನಲ್ಲಿ ಇಟ್ಟರೆ ಐಸ್ ಹರಳುಗಳು ಜೀವಕೋಶಗಳನ್ನು ಒಡೆಯುತ್ತವೆ. ಲ್ಯಾಬಿನ ಡಾಕ್ಟರಿಗೆ ಆಗಲೇ ಫೋನ್ ಮಾಡಿ, ಬೆಳಗ್ಗೆ ಮೊದಲ ಕೆಲಸ ಫಾರ್ಮಾಲಿನ್ ತರಿಸುವುದು.

ಡಬ್ಬಿಯ ಬಗ್ಗೆ ಒಂದು ಮಾತು. ಕಿರಿದಾದ ಬಾಯಿಯ ಬಾಟಲಿಯಲ್ಲಿ ತುರುಕಿದ ಗರ್ಭಕೋಶ ನಮಗೆ ಬಂದಿತ್ತು. ಒಳಗೆ ಹೋಗುವಾಗ ಮೆತ್ತಗಿತ್ತು, ಎರಡು ದಿನದಲ್ಲಿ ಬಾಟಲಿಯ ಆಕಾರದಲ್ಲೇ ಗಟ್ಟಿಯಾಗಿತ್ತು. ಬಾಟಲಿ ಒಡೆದು ತೆಗೆಯಬೇಕಾಯಿತು. ಅಗಲ ಬಾಯಿಯ ಡಬ್ಬಿ ಇರಲಿ, ಪೀಸಿನ ಹತ್ತು ಪಾಲಾದರೂ ದ್ರಾವಣ ಇರಲಿ. ಫಾರ್ಮಾಲಿನ್ ಒಳಗೆ ಇಳಿಯುವುದು ಗಂಟೆಗೆ ಹೆಚ್ಚೆಂದರೆ ಒಂದು ಮಿಲಿಮೀಟರ್. ಆದ್ದರಿಂದ ದೊಡ್ಡ ಪೀಸನ್ನು ಎಲ್ಲಿ ಸೀಳಬೇಕೆಂದು ಸರ್ಜನ್ ಮತ್ತು ಲ್ಯಾಬ್ ಡಾಕ್ಟರ್ ಮಾತಾಡಿಕೊಳ್ಳಲಿ, ನೀವು ಕೈ ಹಾಕಬೇಡಿ. ಹಾಕಿದ ಹೊತ್ತು ಚೀಟಿಯಲ್ಲಿ ಬರೆಯಿರಿ. ಹಳೇ ಫಾರ್ಮಾಲಿನ್ ಬಚ್ಚಲಿಗೆ ಸುರಿಯುವ ಅಭ್ಯಾಸ ಇದ್ದರೆ ಇಂದೇ ಬಿಡಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಅದು ಹಳದಿ ವರ್ಗದ ರಾಸಾಯನಿಕ ದ್ರವ ತ್ಯಾಜ್ಯ, ಬೇರೆಯಾಗಿಯೇ ಸಂಗ್ರಹಿಸಬೇಕು.

ಅಡುಗೆಮನೆಯ ವಸ್ತುಗಳಿಗೆ ಲ್ಯಾಬಿನಲ್ಲಿ ಜಾಗವೇ ಇಲ್ಲ ಎಂದು ತಿಳಿಯಬೇಡಿ. ಪೀಸ್ ಒಮ್ಮೆ ಫಿಕ್ಸ್ ಆದ ಮೇಲಿನ ಹಂತಗಳಲ್ಲಿ ನನಗೆ ಹೆಚ್ಚು ಭರವಸೆ ಇದೆ. ಕ್ಸೈಲೀನ್ ಎಂಬ ದ್ರಾವಕದ ಬದಲು ಕೊಬ್ಬರಿ ಎಣ್ಣೆ ಬಳಸಿ ಒಳ್ಳೆಯ ಸ್ಲೈಡ್ ಮಾಡಿದವರಿದ್ದಾರೆ. ಅದು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುವುದರಿಂದ ಬೀದರಿನ ಡಿಸೆಂಬರಿನಲ್ಲಿ ಬೆಚ್ಚಗಿಡಬೇಕು. ನಾವು ಪಲ್ಯ ಮಾಡುವ ಪುಂಡಿಯ ಜಾತಿಯ ಗಿಡದ ಹೂವಿನ ಬುಡದ ಕೆಂಪು ಎಸಳಿನಿಂದ ನ್ಯೂಕ್ಲಿಯಸ್ಸಿಗೆ ಬಣ್ಣ ಕಟ್ಟುವ ಪ್ರಯೋಗಗಳೂ ನಡೆದಿವೆ. ಅಲ್ಲಿ ತಪ್ಪಾದರೆ ಪೀಸ್ ಕೂರಿಸಿದ ಮೇಣದ ಬ್ಲಾಕಿನಿಂದ ಇನ್ನೊಂದು ಸ್ಲೈಡ್ ಕೊಯ್ಯಬಹುದು, ಪೀಸ್ ಹೋಗುವುದಿಲ್ಲ.

ತರಿಸಿಟ್ಟ ಬೆಲ್ಲವನ್ನೂ ಬಿಸಾಡಬೇಡಿ. ನಿಮಗೆ ನಿಜವಾಗಿ ತಿಳಿಯುವ ಆಸೆ ಇದೆ ಎಂದು ಪತ್ರದಲ್ಲಿ ಕಾಣುತ್ತದೆ. ಮಟನ್ ಅಂಗಡಿಯಿಂದ ಬೆಳಗ್ಗೆಯೇ ಒಂದಿಷ್ಟು ಪಿತ್ತಜನಕಾಂಗ ತನ್ನಿ. ಮೂರು ಮಿಲಿಮೀಟರ್ ದಪ್ಪದ ಒಂದೇ ಅಳತೆಯ ತುಂಡುಗಳನ್ನು ಕೊಯ್ದು, ಒಂದನ್ನು ಬೆಲ್ಲದ ನೀರಿಗೆ, ಒಂದನ್ನು ಸಲೈನಿಗೆ, ಒಂದನ್ನು ಲ್ಯಾಬಿನಿಂದ ಬಂದ ತುಂಬಿದ ಡಬ್ಬಿಗೆ ಹಾಕಿ. 30 ಗ್ರಾಂ ಬೆಲ್ಲ, ನೂರು ಮಿಲಿ ಡಿಸ್ಟಿಲ್ಡ್ ನೀರು, ಬಟ್ಟೆಯಲ್ಲಿ ಸೋಸಿ. ಡಬ್ಬಿಗಳ ಮೇಲೆ "ಆಡಿನದು" ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ, ರೋಗಿಗಳ ಡಬ್ಬಿ ಇಡುವ ಕಪಾಟಿನಲ್ಲಿ ಇಡಬೇಡಿ. 24 ಗಂಟೆ ಬಿಟ್ಟು ಕಲಬುರಗಿಗೆ ಬರುವಾಗ ತನ್ನಿ. ಸ್ಲೈಡ್ ಮಾಡಿಸುತ್ತೇನೆ, ಮೂರನ್ನೂ ಮೈಕ್ರೋಸ್ಕೋಪಿನಲ್ಲಿ ಜೊತೆಗೇ ಕೂತು ನೋಡೋಣ.